ಹುಲ್ಲು ಬೆರೆಸಿದ ಮೇಲೆ ಬದನೆ ಎಲೆ ಹಳದಿಯಾಗುವುದು ಯಾಕೆ?

ಒಣ ಭತ್ತದ ಹುಲ್ಲನ್ನು ಕತ್ತರಿಸಿ ಮಣ್ಣಿಗೆ ಬೆರೆಸಿದಿರಿ, ಆ ವಾರವೇ ಬದನೆ ಸಸಿ ನೆಟ್ಟಿರಿ, ಈಗ ಎಲೆ ಹಳದಿ. ಗಿಡಕ್ಕೆ ನೆರವಾಗಬೇಕಾದ ಸೂಕ್ಷ್ಮಜೀವಿಗಳೇ ಗೊಬ್ಬರ ತಿಂದುಬಿಡುತ್ತವಾ ಅಂತ ಕೇಳಿದ್ದೀರಿ.

ಸದ್ಯಕ್ಕೆ ಹೌದು. ಹಳದಿಯಾಗಿರುವುದು ಕೆಳಗಿನ ಹಳೆ ಎಲೆಗಳಾದರೆ ಅದು ಬಹುತೇಕ ಸಾರಜನಕದ ಕೊರತೆಯೇ. ಗಿಡ ಅದನ್ನು ಹಳೆ ಎಲೆಯಿಂದ ಎಳೆದು ಚಿಗುರಿಗೆ ಕೊಡುತ್ತದೆ. ಚಿಗುರೇ ಹಳದಿಯಾಗಿ ನರ ಮಾತ್ರ ಹಸಿರಿದ್ದರೆ ಕಬ್ಬಿಣದ ಕೊರತೆ ಇರಬಹುದು, ಅದು ಬೇರೆ ಕತೆ.

ಒಂದು ಲೆಕ್ಕ ಹಾಕೋಣ. 10 ಕೆಜಿ ಒಣಹುಲ್ಲಿನಲ್ಲಿ ಸುಮಾರು 4 ಕೆಜಿ ಇಂಗಾಲ ಇರುತ್ತದೆ, ಸಾರಜನಕ ಬರೀ 60 ಗ್ರಾಂ ಆಸುಪಾಸು. ಸೂಕ್ಷ್ಮಜೀವಿಗಳು ಆ ಇಂಗಾಲದ ಮೂರನೇ ಎರಡು ಪಾಲನ್ನು ಉಸಿರಾಟದಲ್ಲೇ ಕಳೆಯುತ್ತವೆ. ಉಳಿದದ್ದು ಮೈ ಕಟ್ಟಲು. ಆ ಮೈಗೆ 8 ಪಾಲು ಇಂಗಾಲಕ್ಕೆ 1 ಪಾಲು ಸಾರಜನಕ ಬೇಕು, ಅಂದರೆ 160 ಗ್ರಾಂಗಿಂತ ಜಾಸ್ತಿ. ಕಡಿಮೆ ಬಿದ್ದ 100 ಗ್ರಾಂ ಎಲ್ಲಿಂದ ಬರಬೇಕು? ನಿಮ್ಮ ಮಣ್ಣಿನಿಂದಲೇ. ಹುಲ್ಲೆಲ್ಲ ಒಂದೇ ಸಲ ಕೊಳೆಯುವುದಿಲ್ಲ, ಹಾಗಾಗಿ ಈ ಎಳೆದಾಟ ಕೆಲವು ವಾರ ನಡೆಯುತ್ತದೆ.

ಶುರುವಿನಲ್ಲಿ ಗೆಲ್ಲುವುದು ಸೂಕ್ಷ್ಮಜೀವಿಗಳೇ. ಅವು ಮಣ್ಣಿನ ಕಣಕಣದಲ್ಲೂ ಇವೆ, ಬೇಗ ಬೆಳೆಯುತ್ತವೆ. ಬೇರಿನ ಹತ್ತಿರ ಸಾರಜನಕ ನೀರಿನ ಜೊತೆ ಹರಿದು ಬರಬೇಕು. ಆದರೆ ಸೂಕ್ಷ್ಮಜೀವಿಗಳ ಆಯುಸ್ಸು ಕಡಿಮೆ. ಸತ್ತಾಗ, ಅಥವಾ ಪ್ರೋಟೋಜೋವಾ ಎಂಬ ಏಕಕೋಶ ಜೀವಿಗಳು, ಮಣ್ಣಿನ ಸಣ್ಣ ದುಂಡುಹುಳುಗಳು ಅವನ್ನು ತಿಂದಾಗ, ಹಿಡಿದಿಟ್ಟ ಸಾರಜನಕದಲ್ಲಿ ಒಂದಷ್ಟು ಮಣ್ಣಿಗೆ ಮರಳುತ್ತದೆ. ಬೇರು ಅದನ್ನು ಒಮ್ಮೆ ಹೀರಿಕೊಂಡರೆ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ತಿಂಗಳುಗಳ ಲೆಕ್ಕದಲ್ಲಿ ಗಿಡದ ಕೈ ಮೇಲಾಗುತ್ತಾ ಹೋಗುತ್ತದೆ. ನಿಮ್ಮ ಬದನೆಗೆ ಅಷ್ಟು ಪುರುಸೊತ್ತಿಲ್ಲ, ಅಷ್ಟೇ.

ಈಗ ಯೂರಿಯಾ ಸ್ವಲ್ಪ ಸ್ವಲ್ಪವಾಗಿ ಎರಡು ಮೂರು ಸಲ ಕೊಡಿ. 10 ಕೆಜಿ ಹುಲ್ಲಿಗೆ ಒಟ್ಟು 200 ಗ್ರಾಂ ದಾಟಬೇಡಿ. ಯೂರಿಯಾ ಬೇಡ ಅನ್ನುವವರು ಕಡಲೆಕಾಯಿ ಹಿಂಡಿ ನೆನೆಸಿದ ನೀರು ಹಾಕಬಹುದು, ಗುಣ ಕಾಣುವುದು ನಿಧಾನ. ಜೀವಾಮೃತ (ಸಗಣಿ, ಗಂಜಲ, ಬೆಲ್ಲ ಕಲಸಿ ಹುದುಗಿಸಿದ, ಸೂಕ್ಷ್ಮಜೀವಿ ತುಂಬಿದ ದ್ರಾವಣ) ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ನನ್ನ ಮಟ್ಟಿಗೆ, ಉಣ್ಣುವವರು ಈಗಾಗಲೇ ಜಾಸ್ತಿ ಇರುವ ಪಂಕ್ತಿಗೆ ಇನ್ನಷ್ಟು ಜನರನ್ನು ಕರೆದಂತೆ ಅದು.

ಮುಂದಿನ ಸಲ ಒಣಹುಲ್ಲನ್ನು ಮಣ್ಣಿನೊಳಗೆ ಬೆರೆಸದೆ ಮೇಲೆ ಹೊದಿಸಿ. ಆಗ ಮಣ್ಣಿಗೆ ತಾಗುವ ಪದರ ಮಾತ್ರ ಕೊಳೆಯುತ್ತದೆ, ಜಗಳ ಬೇರಿನವರೆಗೆ ಇಳಿಯುವುದಿಲ್ಲ. ಬೆರೆಸಲೇಬೇಕು ಅಂದರೆ ಗ್ಲಿರಿಸಿಡಿಯಾ ಅಥವಾ ಹೊಂಗೆಯ ಹಸಿ ಸೊಪ್ಪು ಒಳ್ಳೆಯದು, ಅದರಲ್ಲಿ ಸಾರಜನಕ ಸಾಕಷ್ಟಿರುತ್ತದೆ.