ಹೊಸ ರೈಡ್ ಬಂದಿದೆ ಎಂದು ಮಡಿಕೇರಿಯಿಂದ ಬಿಡದಿಯವರೆಗೆ ಹೋಗಬಹುದೇ?

ನೀವು ಕೇಳಿದ್ದು ಇಷ್ಟು: ಮಡಿಕೇರಿಯಿಂದ ಏಪ್ರಿಲ್ ರಜೆಯಲ್ಲಿ ಹದಿಮೂರು ಮತ್ತು ಎಂಟು ವರ್ಷದ ಇಬ್ಬರು ಮಕ್ಕಳನ್ನು ಬಿಡದಿಯ ವಂಡರ್‌ಲಾಗೆ ಕರೆದೊಯ್ಯುವ ಯೋಚನೆ ಇದೆ. ಇಂಥ ಪಾರ್ಕ್‌ಗಳ ಜಾಹೀರಾತಿನಲ್ಲಿ ಬರುವ ‘ಹೊಸ ರೈಡ್’, ‘ನವೀಕರಿಸಿದ ರೈಡ್’ ಎಂಬ ಮಾತುಗಳನ್ನು ನಂಬಿ ಅಷ್ಟು ದೂರ ಹೋಗಬಹುದೇ? ಹಳೆಯದಕ್ಕೆ ಬಣ್ಣ ಬಳಿದಿದ್ದರೆ ಗತಿಯೇನು?

ಧಾರಾಳವಾಗಿ ಹೋಗಿ. ‘ಹೊಸ’ ಎಂಬ ಪದವನ್ನು ನೆಚ್ಚಿಕೊಂಡು ಮಾತ್ರ ಹೋಗಬೇಡಿ.

ನಾನು ಕುಶಾಲನಗರದ ಕಾಫಿ ಕ್ಯೂರಿಂಗ್ ಘಟಕವೊಂದರಲ್ಲಿ ಫಿಟ್ಟರ್. ದಿನವಿಡೀ ಬೇರಿಂಗ್, ಬೆಲ್ಟ್, ಚೈನ್‌ಗಳ ಸಹವಾಸ. ಹೀಗಾಗಿ ತಿರುಗುವ ಏನನ್ನು ಕಂಡರೂ ಮೊದಲು ಕಣ್ಣು ಹೋಗುವುದು ಅದರ ಬುಡಕ್ಕೆ. ಕೆಲವು ವರ್ಷಗಳ ಹಿಂದೆ ಜಾತ್ರೆಯೊಂದರಲ್ಲಿ ಮಗಳ ಜೊತೆ ಜೈಂಟ್ ವೀಲ್‌ನ ಸಾಲಿನಲ್ಲಿ ನಿಂತಿದ್ದೆ. ತೊಟ್ಟಿಲುಗಳಿಗೆ ಆಗಷ್ಟೇ ಹೊಡೆದ ಕೆಂಪು, ಹಳದಿ ಬಣ್ಣ; ಮುಟ್ಟಿದರೆ ಬೆರಳಿಗೆ ಅಂಟುತ್ತಿತ್ತು. ಆದರೆ ತೊಟ್ಟಿಲು ತೂಗುವ ದಪ್ಪ ಪಿನ್ ಜಾರದಂತೆ ಸ್ಪ್ಲಿಟ್ ಪಿನ್ ಇರಬೇಕಾದ ತೂತಿನಲ್ಲಿ ಒಂದು ಬಾಗಿಸಿದ ಮೊಳೆ ಇತ್ತು. ತುಕ್ಕು ಹಿಡಿದ, ಎರಡಿಂಚಿನ, ಬೇಲಿ ಗೂಟಕ್ಕೆ ಹೊಡೆಯುವಂಥ ಮೊಳೆ. ಮಗಳನ್ನು ಎಳೆದುಕೊಂಡು ಹೊರಗೆ ಬಂದೆ. ಚುರುಮುರಿ ಕೊಡಿಸಿದರೂ ಎರಡು ದಿನ ಅವಳು ನನ್ನ ಜೊತೆ ಮಾತನಾಡಲಿಲ್ಲ.

ದೊಡ್ಡ ಪಾರ್ಕ್‌ಗಳನ್ನು ನಾನು ಅಳೆಯುವುದು ಆ ಮೊಳೆಯಿಂದಲೇ. ರೋಲರ್ ಕೋಸ್ಟರ್‌ನ ಗಾಡಿಯನ್ನು ಸ್ಟೇಷನ್‌ನಲ್ಲಿ ನಿಂತಾಗ ಬದಿಯಿಂದ ಬಗ್ಗಿ ನೋಡಿ. ಚಕ್ರಗಳು ಮೂರು ದಿಕ್ಕಿನಿಂದ ಹಳಿಯನ್ನು ಹಿಡಿದಿರುತ್ತವೆ: ಮೇಲೆ ಓಡುವವು, ಪಕ್ಕದಿಂದ ಒತ್ತುವವು, ಹಳಿಯ ಕೆಳಗಿನಿಂದ ತಬ್ಬಿಕೊಂಡವು. ತಲೆಕೆಳಗಾದಾಗಲೂ ಗಾಡಿ ಹಳಿ ಬಿಡದಿರುವುದಕ್ಕೆ ಈ ಹಿಡಿತ ಕಾರಣ. ಉಕ್ಕಿನ ಹಳಿಯ ಕೋಸ್ಟರ್‌ಗಳಲ್ಲಿ ಚಕ್ರದ ಹೊರಮೈ ಸಾಮಾನ್ಯವಾಗಿ ಪಾಲಿಯುರಿಥೇನ್ ಎಂಬ ಗಟ್ಟಿ ಪ್ಲಾಸ್ಟಿಕ್. ಅದು ಸವೆಯುತ್ತದೆ, ಬಿರಿಯುತ್ತದೆ, ಬದಲಾಗುತ್ತಲೇ ಇರಬೇಕು. ನಿಜವಾದ ನವೀಕರಣ ಎಂದರೆ ಇದು: ಚಕ್ರ, ಬೇರಿಂಗ್, ಕೂತವರನ್ನು ಹಿಡಿದಿಡುವ ಭುಜದ ಬೀಗ, ಬ್ರೇಕ್, ಕಣ್ಣಿಗೆ ಕಾಣದ ಬಿರುಕಿಗಾಗಿ ಬೆಸುಗೆಗಳ ತಪಾಸಣೆ. ಇದು ಯಾವ ಜಾಹೀರಾತಿನಲ್ಲೂ ಚೆಂದ ಕಾಣುವುದಿಲ್ಲ. ಇಂಗ್ಲೆಂಡಿನ ಆಲ್ಟನ್ ಟವರ್ಸ್‌ನವರು 1994ರ ತಮ್ಮ ನೆಮೆಸಿಸ್ ಎಂಬ ಕೋಸ್ಟರನ್ನು 2022ರ ಕೊನೆಯಲ್ಲಿ ನಿಲ್ಲಿಸಿ, ಹಳಿಯ ಬಹುಪಾಲನ್ನೇ ಬದಲಾಯಿಸಿ, 2024ರಲ್ಲಿ ಮತ್ತೆ ಬಿಟ್ಟರು. ತಿರುವುಗಳೆಲ್ಲ ಹಳೆಯವೇ, ಉಕ್ಕು ಮಾತ್ರ ಹೊಸದು. ನನ್ನ ಲೆಕ್ಕದಲ್ಲಿ ಹತ್ತು ‘ಹೊಸ ರೈಡ್’ಗಳಿಗಿಂತ ಅದು ದೊಡ್ಡ ಸುದ್ದಿ. ಇನ್ನು ನವೀಕರಣದ ಹೆಸರಿನಲ್ಲಿ ಹಳೆಯ ಗಾಡಿಯಲ್ಲೇ ಕೂರಿಸಿ, ಬೇರೊಂದು ಲೋಕ ತೋರಿಸುವ ವಿಆರ್ ಕನ್ನಡಕವನ್ನು ಕಣ್ಣಿಗೆ ಕಟ್ಟುವ ಗೀಳು ಹತ್ತು ವರ್ಷದ ಹಿಂದೆ ಹೊರದೇಶಗಳಲ್ಲಿ ಹಬ್ಬಿತ್ತು. ಕನ್ನಡಕ ಒರೆಸಿ ಕೊಡುವಷ್ಟರಲ್ಲಿ ಸಾಲು ಉದ್ದವಾಗಿ, ಹಲವು ಕಡೆ ಕೈಬಿಟ್ಟರು.

ವಂಡರ್‌ಲಾದ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಹೊಸದೇನಲ್ಲ, ಆದರೂ ನಿಮ್ಮ ದೊಡ್ಡವನು ಮೊದಲು ಅಲ್ಲಿಗೇ ಓಡಲಿ. ಗಾಡಿಯನ್ನು ಹಿಂದಕ್ಕೆ ಎಳೆದು ಎತ್ತರಕ್ಕೆ ಒಯ್ದು ಬಿಡುತ್ತಾರೆ. ಅದು ಸುತ್ತಿ, ಮಗುಚಿ ಆಚೆಯ ಏರಿಗೆ ಹೋಗುತ್ತದೆ, ಆಮೇಲೆ ಅಷ್ಟೂ ದಾರಿಯನ್ನು ಬೆನ್ನು ಮುಂದಾಗಿ ವಾಪಸ್ ಬರುತ್ತದೆ. ಎತ್ತುವುದಷ್ಟೇ ಮೋಟಾರಿನ ಕೆಲಸ, ಉಳಿದದ್ದು ಭೂಮಿಯ ಸೆಳೆತ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದೆ ಕಳೆದವರು ನಾವು, ಹಾಗಾಗಿ ‘ನಡುವೆ ಕರೆಂಟ್ ಹೋದರೆ?’ ಎಂದು ಮನೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಕೋಸ್ಟರ್‌ಗಳ ಬ್ರೇಕ್‌ಗಳನ್ನು ಕರೆಂಟ್ ಹೋದಾಗ ತಾವಾಗಿಯೇ ಹಿಡಿದುಕೊಳ್ಳುವಂತೆ ಮಾಡಿರುತ್ತಾರೆ. ಚೈನ್‌ನಲ್ಲಿ ಏರುವ ಕೋಸ್ಟರ್‌ಗಳಲ್ಲಿ ಕೇಳುವ ‘ಟಕ್ ಟಕ್’ ಸದ್ದು ಕೂಡ ಗಾಡಿ ಹಿಂದೆ ಜಾರದಂತೆ ತಡೆಯುವ ಹಲ್ಲುಗಳದ್ದು. ನಮ್ಮ ಘಟಕದಲ್ಲಿ ಕಾಫಿಯನ್ನು ಮೇಲಕ್ಕೆ ಒಯ್ಯುವ ಬಕೆಟ್ ಎಲಿವೇಟರ್‌ನಲ್ಲೂ ಅಂಥದೊಂದು ತಡೆ ಇದೆ. ಅದು ಕೈಕೊಟ್ಟರೆ ಮೂಟೆಗಟ್ಟಲೆ ಕಾಫಿ ಕೆಳಗೆ ಸುರಿದುಕೊಳ್ಳುತ್ತದೆ.

ನೀರಾಟದ ಬಗ್ಗೆ ಕೊಡಗಿನವರಿಗೆ ಹೆಚ್ಚು ಹೇಳಬೇಕಿಲ್ಲ. ವಂಡರ್‌ಲಾದ ರೇನ್ ಡಿಸ್ಕೋದಲ್ಲಿ ಬೆಚ್ಚಗಿನ ನೀರನ್ನು ಮಳೆಯಂತೆ ಸುರಿಸಿ ಹಾಡು ಹಾಕುತ್ತಾರೆ. ನಮ್ಮ ತಂದೆ ಕಾಫಿ ತೋಟದ ಲೆಕ್ಕಪತ್ರ ನೋಡುವ ರೈಟರ್ ಆಗಿದ್ದವರು, ಮೂವತ್ತು ವರ್ಷ ಬೆಳಿಗ್ಗೆ ಎದ್ದು ಮಳೆಮಾಪಕ ನೋಡಿ ಇಂಚು ಬರೆದಿಟ್ಟವರು. ದುಡ್ಡು ಕೊಟ್ಟು ಮಳೆಯಲ್ಲಿ ನೆನೆಯುವವರನ್ನು ಕಂಡು ಅವರು ಪಕ್ಕದಲ್ಲಿ ಕುಳಿತು ನಕ್ಕರು, ಐದು ನಿಮಿಷದಲ್ಲಿ ತಾವೂ ಇಳಿದರು. ನೀರಿಗೆ ಇಳಿಯಲು ನೈಲಾನ್ ಬಟ್ಟೆ ಬೇಕು, ಮನೆಯಿಂದಲೇ ಒಯ್ಯಿರಿ.

ಮಡಿಕೇರಿಯಿಂದ ಬಿಡದಿ ಒಂದು ದಿಕ್ಕಿಗೇ ಇನ್ನೂರು ಕಿಲೋಮೀಟರ್ ದಾಟುತ್ತದೆ. ಒಂದೇ ದಿನದಲ್ಲಿ ಹೋಗಿ ಬರುವ ಸಾಹಸ ಬೇಡ. ಹಿಂದಿನ ರಾತ್ರಿ ಮೈಸೂರಿನಲ್ಲಿ ಉಳಿದು, ಬೆಳಿಗ್ಗೆ ಎಕ್ಸ್‌ಪ್ರೆಸ್‌ವೇ ಹಿಡಿದು ಬಾಗಿಲು ತೆರೆಯುವ ಹೊತ್ತಿಗೆ ತಲುಪಿ. ದೊಡ್ಡ ರೈಡ್‌ಗಳನ್ನು ಊಟಕ್ಕೆ ಮೊದಲೇ ಮುಗಿಸಿಬಿಡಿ; ಏಪ್ರಿಲ್ ಮಧ್ಯಾಹ್ನದ ಗುಡುಗು ಮಿಂಚಿಗೆ ಎತ್ತರದ ರೈಡ್‌ಗಳನ್ನು ನಿಲ್ಲಿಸುತ್ತಾರೆ.

ಕಿರಿಯವನದ್ದೇ ಚಿಂತೆ. ಹೆಚ್ಚು ರಭಸದ ರೈಡ್‌ಗಳಿಗೆ 140 ಸೆಂಟಿಮೀಟರ್ ಎತ್ತರ ಬೇಕು, ಎಂಟು ವರ್ಷಕ್ಕೆ ಅಷ್ಟು ಬೆಳೆದವರು ಅಪರೂಪ. ಅವನೊಬ್ಬನಿಗಾಗಿಯೇ ಆದರೆ ಮೈಸೂರಿನ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್ ಸಾಕು, ದಾರಿಯೂ ಅರ್ಧ. ಇಬ್ಬರೂ ಬಿಡದಿಗೇ ಬರುವುದಾದರೆ ಹೊರಡುವ ಮೊದಲು ಚಪ್ಪಲಿ ಬಿಚ್ಚಿಸಿ ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಅಳೆಯಿರಿ. ಅಳುವುದಿದ್ದರೆ ಮನೆಯಲ್ಲೇ ಅತ್ತು ಮುಗಿಸಲಿ.