ಎಸಿ ಗ್ಯಾಸ್ ನಾನೇ ತುಂಬಬಹುದಾ?

ಪ್ರಶ್ನೆ: ನಮ್ಮ ಮನೆಯ ಸ್ಪ್ಲಿಟ್ ಎಸಿಗೆ ಮೂರು ವರ್ಷದಿಂದ ಪ್ರತಿ ಮಾರ್ಚ್‌ನಲ್ಲೂ ಗ್ಯಾಸ್ ತುಂಬಿಸುತ್ತಿದ್ದೇನೆ. ಅಮೆರಿಕದಲ್ಲಿರುವ ನನ್ನ ಭಾವಮೈದ ಮನೆಯಲ್ಲೇ ಕೂತು, ಪುಸ್ತಕ ನೋಡಿಕೊಂಡೇ ಪರೀಕ್ಷೆ ಬರೆದು ಗ್ಯಾಸ್ ಮುಟ್ಟುವ ಸರ್ಟಿಫಿಕೇಟ್ ತಗೊಂಡಿದ್ದಾನೆ. ನಾನೂ ಬರೆದರೆ ನನ್ನ ಎಸಿ ನಾನೇ ನೋಡಿಕೊಳ್ಳಬಹುದಲ್ವಾ?
- ಓದುಗರು, ನಿಟ್ಟುವಳ್ಳಿ, ದಾವಣಗೆರೆ

ಉತ್ತರ: ನಿಮ್ಮ ಭಾವಮೈದ ಬರೆದಿರುವುದು ಅಮೆರಿಕದ ಫ್ರಿಜ್-ಎಸಿ ಗ್ಯಾಸ್ ಪರೀಕ್ಷೆಗಳಲ್ಲಿ ಟೈಪ್ 1 ಅನ್ನೋದು ಇರಬೇಕು. ಅವುಗಳಲ್ಲಿ ಪುಸ್ತಕ ನೋಡಿ ಬರೆಯಲು ಬಿಡುವುದು ಅದೊಂದನ್ನೇ. ಹಾಗೆ ಬರೆದರೆ ಪಾಸಾಗಲು 84 ಪರ್ಸೆಂಟ್ ಬೇಕು. ಆದರೆ ಅದು ನಡೆಯುವುದು ಫ್ರಿಜ್, ಕಿಟಕಿ ಎಸಿಯಂಥ ಸಣ್ಣ ಯಂತ್ರಗಳಿಗೆ ಮಾತ್ರ. ಫ್ಯಾಕ್ಟರಿಯಲ್ಲೇ ಸೀಲಾಗಿ ಬಂದಿರಬೇಕು, ಒಳಗಿನ ಗ್ಯಾಸ್ ಐದು ಪೌಂಡ್, ಅಂದರೆ ಸುಮಾರು 2.27 ಕೆಜಿ ದಾಟಿರಬಾರದು. ಸ್ಪ್ಲಿಟ್ ಎಸಿಗೆ ಟೈಪ್ 2 ಬೇಕು, ಅದನ್ನು ಮೇಲ್ವಿಚಾರಕರ ಎದುರಲ್ಲೇ ಬರೆಯಬೇಕು. ಅಲ್ಲಿ ಸ್ವಂತ ಮನೆಯ ಎಸಿ ಅಂದರೂ ವಿನಾಯಿತಿ ಇಲ್ಲ.

ಆ ಕಾರ್ಡು ಇಲ್ಲಿ ನಿಮಗೆ ಏನೂ ಮಾಡಿಕೊಡುವುದಿಲ್ಲ. ನಮ್ಮಲ್ಲಿ ಈ ಕೆಲಸ ಕಲಿಸುವುದು ಐಟಿಐನ ಎರಡು ವರ್ಷದ ಕೋರ್ಸು. ನಾನು ಕಲಿತಿದ್ದೂ ಅಲ್ಲೇ. ಆದರೂ ಚಿತ್ರದುರ್ಗದಲ್ಲಿ ಅಂಗಡಿ ಇಟ್ಟ ಮೊದಲ ಬೇಸಿಗೆಯಲ್ಲೇ, ಗ್ಲೌಸ್ ಹಾಕದೆ ಪೈಪ್ ಬಿಚ್ಚಿ ಎಡಗೈ ಹೆಬ್ಬೆರಳು ಸುಟ್ಟುಕೊಂಡೆ. ಬೆಂಕಿಯಿಂದಲ್ಲ, ಚಳಿಯಿಂದ. ಹೊರಗೆ ಚಿಮ್ಮಿದ ಆರ್-22, ಅಂದರೆ ಹಳೆಯ ಎಸಿಗಳ ಗ್ಯಾಸ್, ಸೊನ್ನೆಗಿಂತ 40 ಡಿಗ್ರಿ ಕೆಳಗೆ ಕುದಿಯುತ್ತದೆ. ಚರ್ಮ ಮೊದಲು ಮೇಣದ ಹಾಗೆ ಬೆಳ್ಳಗಾಯಿತು, ರಾತ್ರಿ ಬೊಬ್ಬೆ ಎದ್ದಿತು. ಈಗಿನ ಆರ್-32 ಇನ್ನೂ ತಣ್ಣಗಿನದು, ಬೆಂಕಿಯನ್ನೂ ಹಿಡಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲಲ್ಲಿ ಎಸಿ ಓಡುವಾಗ ಹೊರಗಿನ ಯೂನಿಟ್ಟಿನ ಒತ್ತಡ 300 ಪಿಎಸ್‌ಐ ದಾಟುತ್ತದೆ. ಕಾರಿನ ಟೈರಿನಲ್ಲಿರುವುದು ಮೂವತ್ತು ಚಿಲ್ಲರೆ!

ಅದಿರಲಿ. ನನಗೆ ಸಿಟ್ಟು ಬಂದಿದ್ದು ನಿಮ್ಮ 'ಪ್ರತಿ ಮಾರ್ಚ್' ಅನ್ನೋ ಮಾತಿಗೆ. ಎಸಿ ಗ್ಯಾಸ್ ಪೆಟ್ರೋಲ್ ಅಲ್ಲ ಸ್ವಾಮಿ, ಓಡಿಸಿದರೆ ಖರ್ಚಾಗುವುದಿಲ್ಲ. ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ. ಕಡಿಮೆಯಾಗಿದೆ ಅಂದರೆ ಎಲ್ಲೋ ಸೋರುತ್ತಿದೆ. ಮೂರು ಸಲ ದುಡ್ಡು ಕೊಟ್ಟು ಗಾಳಿಗೆ ಬಿಟ್ಟಿದ್ದೀರಿ. ಆರ್-32 ಓಝೋನ್ ಪದರಕ್ಕೆ ತೂತು ಮಾಡುವುದಿಲ್ಲ ನಿಜ, ಆದರೆ ಭೂಮಿ ಬಿಸಿ ಮಾಡುವುದರಲ್ಲಿ ಒಂದು ಕೆಜಿ ಅಂದರೆ ಸುಮಾರು 675 ಕೆಜಿ ಇಂಗಾಲದ ಡೈಆಕ್ಸೈಡ್‌ಗೆ ಸಮ.

ನೀವೇ ಮಾಡಬಹುದಾದ ಕೆಲಸ ಒಂದಿದೆ, ಅದಕ್ಕೆ ಯಾವ ಸರ್ಟಿಫಿಕೇಟೂ ಬೇಡ. ಹೊರಗಿನ ಯೂನಿಟ್ ಕೈಗೆ ಎಟುಕುವ ಜಾಗದಲ್ಲಿದ್ದರೆ ಮೇನ್ ಸ್ವಿಚ್ ಆಫ್ ಮಾಡಿ. ತಾಮ್ರದ ಪೈಪು ಸೇರುವ ಎರಡು ಹಿತ್ತಾಳೆ ನಟ್ಟುಗಳನ್ನು ನೋಡಿ. ಧೂಳು ಮೆತ್ತಿದ ಎಣ್ಣೆ ಜಿಡ್ಡು ಕಂಡರೆ ಅನುಮಾನ ಅಲ್ಲೇ. ಪಾತ್ರೆ ತೊಳೆಯುವ ಸೋಪಿನ ನೀರನ್ನು ಬ್ರಷ್‌ನಲ್ಲಿ ಸವರಿ, ಎರಡು ನಿಮಿಷ ಸುಮ್ನೆ ಕಾಯಿರಿ. ಸಾಸಿವೆಯಷ್ಟು ಗುಳ್ಳೆ ಒಂದರ ಹಿಂದೆ ಒಂದು ಏಳುತ್ತಿದ್ದರೆ ಕಳ್ಳ ಸಿಕ್ಕಿದ. ನಟ್ಟಿಗೆ ಮಾತ್ರ ಸ್ಪ್ಯಾನರ್ ಹಾಕಲು ಹೋಗಬೇಡಿ.

ಮೆಕ್ಯಾನಿಕ್ ಬಂದಾಗ ಅದನ್ನೇ ತೋರಿಸಿ. ಮೊದಲು ಹೊಸ ಫ್ಲೇರ್ (ನಟ್ಟಿನೊಳಗೆ ಕೂರುವ ಪೈಪಿನ ಅಗಲಿಸಿದ ಬಾಯಿ), ಆಮೇಲೆ ವ್ಯಾಕ್ಯೂಮ್ (ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದು ತೆಗೆಯುವುದು), ಕೊನೆಗೆ ಎಸಿಯ ಸ್ಟಿಕ್ಕರಿನಲ್ಲಿ ಬರೆದಷ್ಟೇ ಗ್ಯಾಸ್, ತೂಕ ಹಾಕಿ. ತಕ್ಕಡಿ ತಂದಿಲ್ಲ ಅಂದರೆ ಒಂದು ಲೋಟ ಕಾಫಿ ಕೊಟ್ಟು ವಾಪಸ್ ಕಳಿಸಿ.