ದೊಡ್ಡಪ್ಪನ ಟ್ರಂಕಿನ ಪ್ಲೇಟುಗಳು: ಮಾರುವ ಮೊದಲು ಇಷ್ಟು ನೋಡಿ

ನಮಸ್ಕಾರ. ನಿಮ್ಮ ಪೋಸ್ಟ್ ಎರಡು ಸಲ ಓದಿದೆ. ನಿಮ್ಮ ದೊಡ್ಡಪ್ಪ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಮಾಸ್ತರಾಗಿದ್ದರು. ದಾವಣಗೆರೆ ಕಾಯಿಪೇಟೆಯ ಮನೆ ಖಾಲಿ ಮಾಡುವಾಗ ಅಟ್ಟದ ಮೇಲೆ ಎರಡು ಟ್ರಂಕ್ ಗ್ರಾಮಾಫೋನ್ ಪ್ಲೇಟು ಸಿಕ್ಕಿವೆ. ಶಾಸ್ತ್ರೀಯದ್ದು ಇಟ್ಟುಕೊಂಡು ಹಿಂದಿ ಸಿನಿಮಾದ್ದು, 'ಯಾವುದೋ ಮರಾಠಿದ್ದು' ಗುಜರಿಗೆ ಕೊಡಲಾ ಅಂತ ಕೇಳಿದ್ದೀರಿ. ಬೇಡ. ಈಗಂತೂ ಬೇಡವೇ ಬೇಡ.

ಯಾಕೆ ಅಂದರೆ, ನೀವು ಬೇಡ ಅನ್ನುತ್ತಿರುವುದೇ ನನಗೆ ಜಾಸ್ತಿ ಬೆಲೆಯದ್ದು ಅನಿಸುತ್ತದೆ. ನಾಟಕದ ಮಾಸ್ತರಿಗೆ ಪ್ಲೇಟು ಅಂದರೆ ಕೆಲಸದ ಸಾಮಾನು. ಬಡಗಿಗೆ ಉಳಿ ಇದ್ದ ಹಾಗೆ. ಕವಿ ಹಾಡು ಬರೆದು ಕೊಟ್ಟರೆ ಅದಕ್ಕೆ ಮಟ್ಟು ಕೂರಿಸಬೇಕು. ಆ ಮಟ್ಟು ಎಲ್ಲಿಂದ ಬರಬೇಕು? ಮರಾಠಿ ರಂಗಗೀತೆಯಿಂದ, ಹಿಂದಿ ಸಿನಿಮಾದಿಂದ, ಯಾರೋ ಖಾನ್ ಸಾಹೇಬರ ಠುಮ್ರಿಯಿಂದ. ನಮ್ಮ ಕಡೆಯ ಕಂಪನಿ ನಾಟಕಗಳ ಮೇಲೆ ಮರಾಠಿ ರಂಗಭೂಮಿಯ ನಟ-ಗಾಯಕ ಬಾಲಗಂಧರ್ವರ ಗಾಯನದ ನೆರಳು ಎಷ್ಟಿತ್ತು ಅಂತ ಹಳಬರನ್ನು ಕೇಳಿದರೆ ಹೇಳುತ್ತಾರೆ. ಆ ಮರಾಠಿ ಪ್ಲೇಟು ತೆಗೆದುಬಿಟ್ಟರೆ ದೊಡ್ಡಪ್ಪ ಕಟ್ಟಿದ ಹಾಡುಗಳ ಬೇರು ಕಿತ್ತ ಹಾಗೆ ಆಗುತ್ತದೆ.

ಲಂಡನ್ನಿನ ಒಂದು ವಿಷಯ ಹೇಳುತ್ತೇನೆ. ಅಮೆರಿಕದ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1968-69ರಲ್ಲಿ ಅಲ್ಲಿನ ಬ್ರೂಕ್ ಸ್ಟ್ರೀಟಿನ 23ನೇ ನಂಬರಿನ ಮನೆಯ ಮೇಲಿನ ಮಹಡಿಯಲ್ಲಿದ್ದ. ಪಕ್ಕದ 25ನೇ ನಂಬರಿನಲ್ಲಿ ಅದಕ್ಕೂ ಇನ್ನೂರು ವರ್ಷ ಹಿಂದೆ ಸಂಗೀತಗಾರ ಹ್ಯಾಂಡೆಲ್ ಇದ್ದ. 1723ರಿಂದ 1759ರಲ್ಲಿ ಸಾಯುವ ತನಕ ಅಲ್ಲೇ. ಈಗ ಎರಡೂ ಮನೆ ಸೇರಿ ಮ್ಯೂಸಿಯಂ. ಹೆಂಡ್ರಿಕ್ಸ್ ಹತ್ತಿರ ಯಾವ ಯಾವ ಪ್ಲೇಟು ಇದ್ದವು ಅಂತ ತೋರಿಸುವುದಕ್ಕೇ ಅಲ್ಲೊಂದು ಕೋಣೆ ಇದೆ. ಮಡ್ಡಿ ವಾಟರ್ಸ್, ಹೌಲಿನ್ ವುಲ್ಫ್, ಲೈಟ್ನಿನ್ ಹಾಪ್ಕಿನ್ಸ್ ಥರದ ಬ್ಲೂಸ್ ಹಾಡುಗಾರರು ಇರುವುದು ಸಹಜ. ಅವನು ಬಂದ ದಾರಿಯೇ ಅದು. ಬಾಬ್ ಡಿಲನ್ ಕೂಡ ಸರಿ. ಆದರೆ ಅದೇ ಸಾಲಿನಲ್ಲಿ ಯುರೋಪಿನ ಹಳೇ ಶಾಸ್ತ್ರೀಯ ಸಂಗೀತದ ಬಾಕ್ ಇದ್ದಾನೆ, ಪಕ್ಕದ ಮನೆಯ ಹ್ಯಾಂಡೆಲ್ ಇದ್ದಾನೆ, ನಮ್ಮ ರವಿಶಂಕರ್ ಇದ್ದಾರೆ! 1967ರಲ್ಲಿ ಅಮೆರಿಕದ ಮಾಂಟರೆ ಸಂಗೀತ ಉತ್ಸವದಲ್ಲಿ ಒಂದೇ ಭಾನುವಾರ ಮಧ್ಯಾಹ್ನ ರವಿಶಂಕರ್ ಸಿತಾರ್ ನುಡಿಸಿದರು, ರಾತ್ರಿ ಹೆಂಡ್ರಿಕ್ಸ್ ಗಿಟಾರಿಗೆ ಬೆಂಕಿ ಹಚ್ಚಿದ. ಯಾರೋ ಮೊದಲೇ 'ಇದು ರಾಕ್, ಇದು ಅಲ್ಲ' ಅಂತ ಬೇರೆ ಮಾಡಿ ಮಾರಿದ್ದರೆ ಆ ಸಾಲು ಇವತ್ತು ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ ಅಲ್ವಾ?

ಅಷ್ಟು ದೂರ ಯಾಕೆ, ನಮ್ಮವರೇ ಇದ್ದಾರೆ. ಗಂಗೂಬಾಯಿ ಹಾನಗಲ್ ಚಿಕ್ಕವರಿದ್ದಾಗ ಗ್ರಾಮಾಫೋನ್ ಸದ್ದು ಕೇಳಿದರೆ ಬೀದಿಗೆ ಓಡುತ್ತಿದ್ದರಂತೆ. ಗದಗಿನ ಹುಡುಗ ಭೀಮಸೇನ ಜೋಶಿ ಅಂಗಡಿಯಲ್ಲಿ ಹಿಂದೂಸ್ತಾನಿ ಗವಾಯಿ ಅಬ್ದುಲ್ ಕರೀಂ ಖಾನರ ಠುಮ್ರಿ ಪ್ಲೇಟು ಕೇಳಿ ಹುಚ್ಚಾಗಿ, 1933ರಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟರು. ಆಗ ಹನ್ನೊಂದು ವರ್ಷ. ಕುಮಾರ ಗಂಧರ್ವರಂತೂ ಬಾಲಕನಾಗಿದ್ದಾಗ ದೊಡ್ಡ ಗವಾಯಿಗಳ ಪ್ಲೇಟನ್ನು ಕೇಳಿ ಹಾಗೇ ಹಾಡಿ ತೋರಿಸುತ್ತಿದ್ದರು. ಹಳೇ ಪ್ಲೇಟಿನ ಒಂದು ಬದಿ ಮೂರು ಮೂರೂವರೆ ನಿಮಿಷ ಅಷ್ಟೇ. ಅಷ್ಟರಲ್ಲೇ ರಾಗ ಮುಗಿಸಬೇಕು. ಕಲಿಯುವ ಹುಡುಗನಿಗೆ ಬಾಯಿಪಾಠ ಮಾಡಲು ಹೇಳಿ ಮಾಡಿಸಿದ ಅಳತೆ! ಅದೇ ಅಬ್ದುಲ್ ಕರೀಂ ಖಾನರು ತ್ಯಾಗರಾಜರ ಕೃತಿಯನ್ನೂ ಹಾಡಿ ಪ್ಲೇಟು ಕೊಟ್ಟಿದ್ದಾರೆ. ನಿಮ್ಮ ಟ್ರಂಕಿನಲ್ಲಿ ಅಂಥದ್ದು ಸಿಕ್ಕರೆ ಯಾವ ಗುಂಪಿಗೆ ಹಾಕುತ್ತೀರಿ?

ಈಗ ಕೆಲಸದ ಮಾತು.

ಮೊದಲು ಟ್ರಂಕಿನಲ್ಲಿ ಇರುವ ಕ್ರಮದಲ್ಲೇ ಫೋಟೋ ತೆಗೆಯಿರಿ. ನಂತರ ಒಂದೊಂದೇ ಹೊರಗೆ ತೆಗೆದು ನೋಟ್‌ಬುಕ್ಕಿನಲ್ಲಿ ಹಾಡುಗಾರರ ಹೆಸರು, ಕಂಪನಿ, ಲೇಬಲ್ಲಿನ ನಂಬರು ಬರೆಯಿರಿ. ಪಕ್ಕದಲ್ಲಿ ಇನ್ನೊಂದು ವಿಷಯ ಬರೆಯಿರಿ: ಯಾವ ಬದಿ ಸವೆದಿದೆ. ಬೆಳಕಿಗೆ ಓರೆಯಾಗಿ ಹಿಡಿದರೆ ಜಾಸ್ತಿ ಕೇಳಿದ ಬದಿ ಬೂದಿ ಬಣ್ಣಕ್ಕೆ ತಿರುಗಿರುತ್ತದೆ, ಕೇಳದ ಬದಿ ಮಿರಮಿರ ಅನ್ನುತ್ತದೆ. ದೊಡ್ಡಪ್ಪನ ಇಷ್ಟ ಏನಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕವರ್ ಮೇಲೆ ಪೆನ್ಸಿಲಿನಲ್ಲಿ 'ಕಪ್ಪು 2', 'ಬಿಳಿ 4' ಅಂತ ಏನಾದರೂ ಇದೆಯಾ ನೋಡಿ. ಅದು ಹಾರ್ಮೋನಿಯಂ ಶ್ರುತಿ: ಎರಡನೇ ಕಪ್ಪು ಮನೆ, ನಾಲ್ಕನೇ ಬಿಳಿ ಮನೆ. ಕೀ ಕೊಡುವ ಗ್ರಾಮಾಫೋನಿನಲ್ಲಿ ವೇಗದ ತಿರುಪು ಇರುತ್ತದೆ. ಹಳೇ ಪ್ಲೇಟು ನಿಮಿಷಕ್ಕೆ 78 ಸುತ್ತು ತಿರುಗಬೇಕು, ಅದಕ್ಕೇ ಅವನ್ನು 78 ಅನ್ನುವುದು. ಅದಕ್ಕಿಂತ ನಾಲ್ಕೈದು ಸುತ್ತು ಜಾಸ್ತಿ ಆದರೆ ಹಾಡು ಹೆಚ್ಚುಕಡಿಮೆ ಒಂದು ಮನೆ ಮೇಲೇರುತ್ತದೆ. ಮಾಸ್ತರರು ಆ ತಿರುಪು ತಿರುಗಿಸಿ ಪ್ಲೇಟನ್ನೇ ತಮ್ಮ ಪೆಟ್ಟಿಗೆಯ ಶ್ರುತಿಗೆ ತಂದು ಜೊತೆಯಲ್ಲಿ ನುಡಿಸುತ್ತಿದ್ದರು. ಅಂಥ ಗುರುತು ಇದ್ದರೆ ದಯವಿಟ್ಟು ಅಳಿಸಬೇಡಿ, ಕವರ್ ಹರಿದಿದ್ದರೂ ಎಸೆಯಬೇಡಿ.

ಒರೆಸುವ ವಿಷಯದಲ್ಲಿ ನನ್ನ ಪೆದ್ದತನ ಕೇಳಿ. ಲಾಕ್‌ಡೌನಿನಲ್ಲಿ ಸುಮ್ನೆ ಕೂತಿದ್ದೆ. ಕೈಗೆ ಹಾಕುವ ಸ್ಯಾನಿಟೈಸರ್ ಹತ್ತಿಗೆ ಹಚ್ಚಿ ಒಂದು 78ರ ಪ್ಲೇಟು ಉಜ್ಜಿದೆ. ಹತ್ತಿ ಕಪ್ಪಾಯಿತು. ಕೊಳೆ ಬರ್ತಿದೆ ಅಂತ ಖುಷಿಯಲ್ಲಿ ಇನ್ನಷ್ಟು ಉಜ್ಜಿದೆ. ಬರುತ್ತಿದ್ದದ್ದು ಕೊಳೆಯಲ್ಲ, ಪ್ಲೇಟೇ! 78ರ ಪ್ಲೇಟಿನಲ್ಲಿ ಇರುವುದು ಅರಗು. ಅದು ಸ್ಪಿರಿಟ್ಟಿನಲ್ಲಿ ಕರಗುತ್ತದೆ. ಆದ್ದರಿಂದ ತೂಕವಾಗಿ, ಬಿದ್ದರೆ ಹಂಚಿನ ಹಾಗೆ ಒಡೆಯುವ ಪ್ಲೇಟಿಗೆ ಸ್ಪಿರಿಟ್ ಮುಟ್ಟಿಸಬೇಡಿ. ಡಿಸ್ಟಿಲ್ಡ್ ನೀರು, ಪಾತ್ರೆ ತೊಳೆಯುವ ಸೋಪಿನ ಒಂದೇ ಹನಿ, ಮೆತ್ತನೆ ಬಟ್ಟೆ. ಗೆರೆ ಸುತ್ತುವ ದಿಕ್ಕಿನಲ್ಲೇ ಒರೆಸಿ. ಆಮೇಲೆ ಬರೀ ನೀರಿನ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿ ಆರಿಸಿ. ಲೇಬಲ್ ಒದ್ದೆಯಾಗಬಾರದು.

ಬಾಗುವ ಪ್ಲೇಟುಗಳು, ಅಂದರೆ ಎಲ್‌ಪಿ ಮತ್ತು ಚಿಕ್ಕ ಇಪಿಗಳು, ಪ್ಲಾಸ್ಟಿಕ್ಕಿನವು. ಇವುಗಳನ್ನು ದೊಡ್ಡಪ್ಪನ ಕೀ ಗ್ರಾಮಾಫೋನಿಗೆ ಹಾಕಲೇಬೇಡಿ. ಅದರ ಸೌಂಡ್‌ಬಾಕ್ಸು, ಅಂದರೆ ಮುಳ್ಳು ಸಿಕ್ಕಿಸುವ ದುಂಡನೆ ಭಾಗ, ನೂರು ಗ್ರಾಂ ಮೇಲೆ ಭಾರ ಹಾಕುತ್ತದೆ. ಎಲ್‌ಪಿ ತಡೆಯುವುದು ಎರಡು ಮೂರು ಗ್ರಾಂ. ಒಂದೇ ಸಲಕ್ಕೆ ಉತ್ತ ಹೊಲ ಆಗುತ್ತದೆ. ಹಾಗೆಯೇ ಎಲ್‌ಪಿ ಮುಳ್ಳಿನಲ್ಲಿ 78 ಕೇಳಬೇಡಿ. 78ರ ಗೆರೆ ಅಗಲ, ಅದಕ್ಕೆ ದಪ್ಪ ಮುಳ್ಳು ಬೇರೆಯೇ ಇದೆ. ಇನ್ನೊಂದು, ಪ್ಲೇಟಿನ ಮೇಲೆ ಮುಳ್ಳು ಹಾರುತ್ತಿದೆ ಅಂತ ಮುಳ್ಳಿನ ತೋಳಿನ ಮೇಲೆ ನಾಣ್ಯ ಇಡುವ ಅಭ್ಯಾಸ ನಮ್ಮಲ್ಲಿ ತುಂಬ ಜನಕ್ಕಿದೆ. ಹೆಂಡ್ರಿಕ್ಸ್ ಕೂಡ ನಾಣ್ಯ ಅಂಟಿಸಿದ್ದನಂತೆ. ಅವನದ್ದು ಅವನಿಗೆ, ನೀವು ಇಡಬೇಡಿ.

ಪ್ಲೇಟುಗಳನ್ನು ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ ಇಡಿ. ಒಂದರ ಮೇಲೊಂದು ಪೇರಿಸಬೇಡಿ. ಶೀಟಿನ ಮಾಡಿನ ಕೆಳಗೆ, ಪಡುವಣ ಬಿಸಿಲು ಬೀಳುವ ಗೋಡೆಗೆ ಬೇಡ. ನಮ್ಮ ದುರ್ಗ, ನಿಮ್ಮ ದಾವಣಗೆರೆ ಎರಡರ ಏಪ್ರಿಲ್ ಬಿಸಿಲಿಗೂ ಎಲ್‌ಪಿ ಹಪ್ಪಳದ ಹಾಗೆ ತಿರುಚಿಕೊಳ್ಳುತ್ತದೆ. ಅಟ್ಟದಿಂದ ಈ ವಾರವೇ ಕೆಳಗೆ ಇಳಿಸಿ.

ದುಡ್ಡಿನ ಬಗ್ಗೆ ಕೇಳಿದ್ದೀರಿ. ಹೆಚ್ಚಿನವಕ್ಕೆ ಹೇಳಿಕೊಳ್ಳುವ ಬೆಲೆ ಬರುವುದಿಲ್ಲ, ಆಸೆ ಇಟ್ಟುಕೊಳ್ಳಬೇಡಿ. ಮಾರಲೇಬೇಕು ಅಂದರೆ ಪಟ್ಟಿ ಆದ ಮೇಲೆ, ಎಲ್ಲ ಒಟ್ಟಿಗೆ, ಪಟ್ಟಿಯ ಸಮೇತ ಕೊಡಿ.

78ರ ಮುಳ್ಳು, ಯುಎಸ್‌ಬಿ ಟರ್ನ್‌ಟೇಬಲ್ ಎರಡೂ ನನ್ನ ಹತ್ತಿರ ಇವೆ. ಯಾವುದಾದರೂ ಭಾನುವಾರ ಬೆಳಗಿನ ಬಸ್ಸಿಗೆ ಹೊತ್ತುಕೊಂಡು ಬರುತ್ತೇನೆ, ಲ್ಯಾಪ್‌ಟಾಪಿಗೆ ಇಳಿಸೋಣ. ಬೆಣ್ಣೆ ದೋಸೆ ನಿಮ್ಮದು. ಹಾರ್ಮೋನಿಯಂ ಇನ್ನೂ ಮನೆಯಲ್ಲಿದ್ದರೆ ಹೊರಗೆ ತೆಗೆದಿಡಿ. ಕವರ್ ಮೇಲಿನ 'ಕಪ್ಪು 2' ಪ್ಲೇಟಿಗೆ ಕೂಡುತ್ತದಾ ಅಂತ ಮೊದಲು ಅದನ್ನೇ ನೋಡಬೇಕು.